ತೂಕವಿಲ್ಲದ ದಾರ, ಗಾತ್ರವಿಲ್ಲದ ಗುಂಡು

ಭೌತವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಸರಳ ಲೋಲಕಕ್ಕೆ ಕೊಟ್ಟಿರುವ ಲಕ್ಷಣವನ್ನು ಒಮ್ಮೆ ಸಾವಧಾನವಾಗಿ ಓದಿ ನೋಡಬೇಕು. ತೂಕವಿಲ್ಲದ, ಹಿಗ್ಗದ, ಬೇಕಾದಂತೆ ಬಳುಕುವ ದಾರವೊಂದರಿಂದ, ಅಲುಗಾಡದ ಆಧಾರಕ್ಕೆ ತೂಗುಬಿಟ್ಟಿರುವ ಬಿಂದುಮಾತ್ರವಾದ ಭಾರವೇ ಸರಳ ಲೋಲಕ ಎಂದು ಅಲ್ಲಿ ಹೇಳಿರುತ್ತದೆ. ತೂಕವಿಲ್ಲದ ದಾರವನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ. ಗಾತ್ರವಿಲ್ಲದೆ ಭಾರವಿರುವ ಗುಂಡನ್ನು ಯಾವ ಕಂಚುಗಾರನೂ ಎರಕ ಹೊಯ್ಯಲಾರನು. ಎಂದರೆ, ಸರಳ ಲೋಲಕವೆಂಬುದು ಲೋಕದಲ್ಲಿ ಎಲ್ಲಿಯೂ ಇಲ್ಲವೆಂದು ಅದರ ಲಕ್ಷಣವಾಕ್ಯವೇ ಒಪ್ಪಿಕೊಂಡಂತಾಯಿತು. ಹೀಗಿದ್ದರೂ ಅದೇ ಪುಸ್ತಕದ ಮುಂದಿನ ಪುಟದಲ್ಲಿ, ಹಿತ್ತಾಳೆಯ ಗುಂಡು, ಹತ್ತಿಯ ದಾರ, ಸೀಳಿದ ಬಿರಡೆ, ಕಬ್ಬಿಣದ ಸ್ಟ್ಯಾಂಡು ಇವುಗಳನ್ನು ತೆಗೆದುಕೊಂಡು, ಇಲ್ಲದ ಆ ವಸ್ತುವಿನ ಸೂತ್ರದಿಂದಲೇ ಭೂಮಿಯ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯಬೇಕೆಂದು ವಿಧಿಸಿರುತ್ತದೆ.

ವಿದ್ಯಾರ್ಥಿಯು ಅಳೆಯುತ್ತಾನೆ, ಲೆಕ್ಕ ಹಾಕುತ್ತಾನೆ. ಸೆಕೆಂಡಿನ ವರ್ಗಕ್ಕೆ 972 ಸೆಂಟಿಮೀಟರು ಎಂದು ಉತ್ತರ ಬರುತ್ತದೆ. ಪುಸ್ತಕದಲ್ಲಿರುವುದು 980 ಅಥವಾ 981. (ಇಂದಿನ ಪುಸ್ತಕಗಳು 9.8 ಮೀಟರು ಎನ್ನುವುದೂ ಇದನ್ನೇ. ಸಣ್ಣ ಅಂತರಗಳನ್ನು ಹೇಳಲು ಸೆಂಟಿಮೀಟರು ಅನುಕೂಲವಾದುದರಿಂದ ಇಲ್ಲಿ ಅದನ್ನೇ ಬಳಸಿದೆ. ಮುಂದೆ ಅಂಕಿಯನ್ನು ಮಾತ್ರ ಕೊಡುತ್ತೇನೆ.) ಆಗ ಅವನ ಮುಂದೆ ಎರಡು ದಾರಿಗಳು ಕಾಣುತ್ತವೆ. ಒಂದು, 'ಗಾಳಿಯ ತಡೆಯಿಂದ ಉಂಟಾದ ದೋಷ' ಎಂದು ಬರೆದು ಮುಗಿಸುವುದು. ಇನ್ನೊಂದು, ಯಾರೂ ನೋಡದಾಗ ಸ್ಟಾಪ್ ವಾಚಿನ ಅಂಕಿಗಳನ್ನು ಕೊಂಚ ತಿದ್ದಿ 980 ಬರುವಂತೆ ಮಾಡುವುದು. ಈ ಎರಡನೆಯ ದಾರಿಯಲ್ಲಿ ಜನಸಂಚಾರ ಹೆಚ್ಚೆಂಬುದನ್ನು ಪ್ರಯೋಗಶಾಲೆಗಳ ಪರಿಚಯವಿರುವವರೆಲ್ಲರೂ ಬಲ್ಲರು. ಆದರೆ ಸೂತ್ರದ ಹಿಂದಿರುವ ಒಂದೊಂದು ಗೃಹೀತಕ್ಕೂ ಇಷ್ಟೇ ಬೆಲೆಯೆಂದು ಲೆಕ್ಕ ಹಾಕಬಹುದು. ಅದು ಉತ್ತರವನ್ನು ಮೇಲಕ್ಕೆ ಎತ್ತುವುದೋ ಕೆಳಕ್ಕೆ ಇಳಿಸುವುದೋ ಎಂಬುದನ್ನೂ ಹೇಳಬಹುದು. ಹಾಗೆ ಲೆಕ್ಕ ಹಾಕಿದವನಿಗೆ ಮೇಲಿನ ಎರಡು ದಾರಿಗಳೂ ಬೇಕಾಗುವುದಿಲ್ಲ.

ಮೊದಲು ಸೂತ್ರವನ್ನು ನೆನಪಿಗೆ ತಂದುಕೊಳ್ಳೋಣ. ಲೋಲಕದ ಉದ್ದವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ, ಬಂದುದರ ವರ್ಗಮೂಲವನ್ನು ಪೈ ಬೆಲೆಯ ಎರಡರಷ್ಟರಿಂದ ಗುಣಿಸಿದರೆ ಒಂದು ಪೂರ್ಣ ಆಂದೋಲನದ ಅವಧಿ ದೊರೆಯುತ್ತದೆ. ಗುಂಡಿನ ತೂಕವಾಗಲಿ, ಅದನ್ನು ಎಷ್ಟು ದೂರ ಎಳೆದು ಬಿಟ್ಟೆವೆಂಬುದಾಗಲಿ ಇದರಲ್ಲಿ ಸೇರಿಲ್ಲ. ಈ ಎರಡನೆಯ ಸಂಗತಿಯೇ ನಮ್ಮ ಮೊದಲನೆಯ ಗೃಹೀತ.

ಓಲಾಟದ ವಿಸ್ತಾರ ಎಷ್ಟಿದ್ದರೂ ಲೋಲಕದ ಅವಧಿ ಒಂದೇ ಎಂದು ಗೆಲಿಲಿಯೋ ದೃಢವಾಗಿ ನಂಬಿದ್ದನು. 1602ರಲ್ಲಿ ಸ್ನೇಹಿತನೊಬ್ಬನಿಗೆ ಬರೆದ ಪತ್ರದಲ್ಲಿ ಅವನು ಈ ಮಾತನ್ನು ವಾದಿಸಿದ್ದುಂಟು. ಫ್ರಾನ್ಸಿನ ಮರ್ಸೆನ್ ಎಂಬ ಪಾದ್ರಿ ಎರಡು ಸಮಾನ ಲೋಲಕಗಳನ್ನು ಒಟ್ಟಿಗೆ ತೂಗಿಬಿಟ್ಟು ನೋಡಿ, ಹೆಚ್ಚು ದೂರ ಓಲುವುದು ಹಿಂದೆ ಬೀಳುವುದೆಂದು ತೋರಿಸಿದನು. ಕಾರಣ ಕಠಿಣವಾದುದಲ್ಲ. ಗುಂಡನ್ನು ನಡುವಿನ ಕಡೆಗೆ ಎಳೆಯುವ ಬಲವು ಬಾಗಿನ ಕೋನದ ಸೈನಿಗೆ ಅನುಗುಣವಾಗಿರುತ್ತದೆ. ಸೂತ್ರವನ್ನು ಸಾಧಿಸುವಾಗ ನಾವು ಸೈನಿನ ಬದಲು ಕೋನವನ್ನೇ ಇಟ್ಟುಬಿಡುತ್ತೇವೆ. 5 ಡಿಗ್ರಿಯ ಕೋನವನ್ನು ರೇಡಿಯನ್ನುಗಳಲ್ಲಿ ಹೇಳಿದರೆ 0.08727, ಅದರ ಸೈನು 0.08716. ಕೋನ ದೊಡ್ಡದಾದಂತೆ ಸೈನು ಹಿಂದುಳಿಯುತ್ತದೆ, ಎಳೆಯುವ ಬಲ ನಾವೆಣಿಸಿದುದಕ್ಕಿಂತ ಕಡಿಮೆಯಾಗುತ್ತದೆ, ಲೋಲಕ ನಿಧಾನಿಸುತ್ತದೆ. ನಿಧಾನ ಎಷ್ಟೆಂದರೆ, ರೇಡಿಯನ್ನಿನಲ್ಲಿ ಹೇಳಿದ ಕೋನದ ವರ್ಗವನ್ನು 16ರಿಂದ ಭಾಗಿಸಿದಷ್ಟು. ಇದರಂತೆ 5 ಡಿಗ್ರಿಯ ಓಲಾಟದಲ್ಲಿ ಅವಧಿಯು ನೂರಕ್ಕೆ 0.05ರಷ್ಟು, 10 ಡಿಗ್ರಿಯಲ್ಲಿ 0.19ರಷ್ಟು, 30 ಡಿಗ್ರಿಯಲ್ಲಿ 1.7ರಷ್ಟು ಹೆಚ್ಚಾಗುತ್ತದೆ. ಎರಡು ಕಡೆಗೂ 90 ಡಿಗ್ರಿ ಓಲಿಸಿದರೆ (ಆಗ ಮೇಲಿನ ಸಣ್ಣ ಲೆಕ್ಕ ಸಾಲದು) ಹೆಚ್ಚಳ ನೂರಕ್ಕೆ 18. ಗುರುತ್ವವನ್ನು ಲೆಕ್ಕ ಹಾಕುವಲ್ಲಿ ಅವಧಿಯ ವರ್ಗ ಬರುವುದರಿಂದ ಈ ದೋಷಗಳು ಇಮ್ಮಡಿಯಾಗಿ ನಿಲ್ಲುತ್ತವೆ: 5 ಡಿಗ್ರಿಗೆ ಉತ್ತರ 0.9ರಷ್ಟು, 10 ಡಿಗ್ರಿಗೆ 3.7ರಷ್ಟು ಇಳಿಯುತ್ತದೆ. 'ಸಣ್ಣ ಕೋನ' ಎಂದು ಪುಸ್ತಕಗಳು ಹೇಳುವುದರ ಅರ್ಥ ಇದು. ಎಷ್ಟು ಸಣ್ಣದೆಂಬುದು ನಮಗೆ ಎಷ್ಟು ನಿಖರತೆ ಬೇಕೆಂಬುದರ ಮೇಲೆ ನಿಂತಿದೆ.

ಡಚ್ ವಿಜ್ಞಾನಿ ಹೈಗೆನ್ಸನು ಈ ಕೊರತೆಯನ್ನು ಬುಡದಲ್ಲಿಯೇ ಕಡಿಯಲು ಹೊರಟನು. ಗುಂಡು ವೃತ್ತದ ಕಂಸದಲ್ಲಿ ಓಲುವ ಬದಲು, ಉರುಳುವ ಗಾಲಿಯ ಅಂಚಿನ ಬಿಂದುವೊಂದು ಬರೆಯುವ ಸೈಕ್ಲಾಯ್ಡ್ ಎಂಬ ವಕ್ರರೇಖೆಯಲ್ಲಿ ಓಲಿದರೆ ಅವಧಿಯು ವಿಸ್ತಾರವನ್ನು ಸ್ವಲ್ಪವೂ ಅವಲಂಬಿಸದೆಂದು ಅವನು ಸಾಧಿಸಿದನು. ದಾರದ ತುದಿಯ ಎರಡು ಪಕ್ಕಗಳಲ್ಲಿ ಬಾಗಿದ ಲೋಹದ ಫಲಕಗಳನ್ನಿಟ್ಟು, ದಾರವು ಅವಕ್ಕೆ ಸುತ್ತಿಕೊಂಡು ಗಿಡ್ಡವಾಗುವಂತೆ ಮಾಡಿ, ಗುಂಡನ್ನು ಆ ಹಾದಿಯಲ್ಲಿ ನಡೆಯಿಸಿದನು. 1673ರಲ್ಲಿ ಪ್ರಕಟವಾದ ಅವನ ಲೋಲಕ ಗಡಿಯಾರದ ಗ್ರಂಥದಲ್ಲಿ ಇದರ ವಿವರವಿದೆ. ಗಣಿತವಾಗಿ ಇದು ಅತ್ಯಂತ ಸೊಗಸಾದ ಸಾಧನೆ. ಆದರೆ ಗಡಿಯಾರ ಮಾಡುವವರಿಗೆ ಫಲಕಗಳಿಂದ ಬಂದ ತೊಂದರೆಯೇ ಹೆಚ್ಚಾಯಿತು. ಓಲಾಟವನ್ನು ಕೆಲವೇ ಡಿಗ್ರಿಗಳಿಗೆ ಸೀಮಿತಗೊಳಿಸುವ ಸುಲಭೋಪಾಯವೇ ಗೆದ್ದಿತು.

ಇನ್ನು ಗುಂಡಿನ ಮಾತು. ಬಿಂದುವಿನ ಸ್ಥಾನದಲ್ಲಿ ನಾವು ಕಟ್ಟಿರುವುದು ಎರಡೂವರೆ ಸೆಂಟಿಮೀಟರು ವ್ಯಾಸದ, ಸುಮಾರು 70 ಗ್ರಾಂ ತೂಕದ ಹಿತ್ತಾಳೆಯ ಗೋಳ. ದಾರದೊಂದಿಗೆ ಓಲುವಾಗ ಈ ಗೋಳವು ತನ್ನ ಸುತ್ತ ತಾನೂ ಅಷ್ಟಿಷ್ಟು ತಿರುಗಬೇಕಾಗುತ್ತದೆ. ಅದಕ್ಕೂ ಶಕ್ತಿ ವೆಚ್ಚವಾಗುತ್ತದೆ. ಇದನ್ನು ಲೆಕ್ಕಕ್ಕೆ ತಂದರೆ ಲೋಲಕವು ತನ್ನ ಉದ್ದಕ್ಕಿಂತ ತುಸು ಹೆಚ್ಚು ಉದ್ದವಿದ್ದಂತೆ ವರ್ತಿಸುತ್ತದೆ. ಹೆಚ್ಚಳ ಎಷ್ಟೆಂದರೆ, ಗೋಳದ ತ್ರಿಜ್ಯದ ವರ್ಗದ ಐದರಲ್ಲಿ ಎರಡು ಪಾಲನ್ನು ಲೋಲಕದ ಉದ್ದದಿಂದ ಭಾಗಿಸಿದಷ್ಟು. ಉದ್ದ ಒಂದು ಮೀಟರಾದರೆ ಇದರಿಂದ ಗುರುತ್ವದ ಬೆಲೆ ಇಳಿಯುವುದು 0.06 ಮಾತ್ರ, ಯಾರೂ ಚಿಂತಿಸಬೇಕಾಗಿಲ್ಲ. ಆದರೆ ಅದೇ ಗುಂಡನ್ನು 20 ಸೆಂಟಿಮೀಟರಿನ ದಾರಕ್ಕೆ ಕಟ್ಟಿದರೆ ನಷ್ಟ 1.5ಕ್ಕೆ ಏರುತ್ತದೆ. ಗುಂಡು ಟೊಳ್ಳಾಗಿದ್ದರೆ ಐದರಲ್ಲಿ ಎರಡರ ಬದಲು ಮೂರರಲ್ಲಿ ಎರಡು ಪಾಲು. ಉದ್ದನೆಯ ಲೋಲಕ ಒಳ್ಳೆಯದೆಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಇನ್ನೊಂದು ಎಚ್ಚರಿಕೆಯುಂಟು. ಉದ್ದವೆಂದರೆ ತೂಗುಬಿಂದುವಿನಿಂದ ಗೋಳದ ಕೇಂದ್ರದವರೆಗೆ. ಕೊಕ್ಕೆಯ ಬುಡದವರೆಗೆ ಅಳೆದು ತ್ರಿಜ್ಯವನ್ನು ಸೇರಿಸಲು ಮರೆತರೆ ಒಂದು ಮೀಟರಿನಲ್ಲಿ ಒಂದೂಕಾಲು ಸೆಂಟಿಮೀಟರು ಹೋಯಿತು. ಗುರುತ್ವದ ಬೆಲೆ 12ರಷ್ಟು ಇಳಿದುಹೋಗುತ್ತದೆ. ಬೇರೆ ಬೇರೆ ಉದ್ದಗಳಿಗೆ ಅವಧಿಯ ವರ್ಗವನ್ನು ಗುರುತಿಸಿ ನಕ್ಷೆ ಬರೆಯುವ ಪದ್ಧತಿ ಇಂಥಲ್ಲಿ ನಮ್ಮನ್ನು ಕಾಪಾಡುತ್ತದೆ. ಎಲ್ಲ ಉದ್ದಗಳಲ್ಲಿಯೂ ಒಂದೇ ಪ್ರಮಾಣದ ತಪ್ಪಿದ್ದರೆ ಸರಳರೇಖೆಯು ಮೂಲಬಿಂದುವನ್ನು ಬಿಟ್ಟು ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಅದರ ಓಟ ಬದಲಾಗುವುದಿಲ್ಲ. ರೇಖೆಯನ್ನು ಬಲವಂತವಾಗಿ ಮೂಲಬಿಂದುವಿನ ಮೂಲಕ ಎಳೆಯುವ ವಿದ್ಯಾರ್ಥಿ ಈ ರಕ್ಷಣೆಯನ್ನು ತಾನೇ ಕೈಯಾರೆ ಕಳೆದುಕೊಳ್ಳುತ್ತಾನೆ.

ದಾರದ ವಿಷಯ ಕೌತುಕಕರವಾದುದು, ಏಕೆಂದರೆ ಅದು ತಪ್ಪನ್ನು ಇನ್ನೊಂದು ಕಡೆಗೆ ಎಳೆಯುತ್ತದೆ. ದಾರದ ತೂಕವು ಗುಂಡಿಗಿಂತ ಮೇಲೆ ಹಂಚಿಹೋಗಿರುವುದರಿಂದ ಲೋಲಕ ತುಸು ಗಿಡ್ಡವಿದ್ದಂತೆ ನಡೆದು, ಅವಧಿ ಕಡಿಮೆಯಾಗಿ, ಗುರುತ್ವ ಹೆಚ್ಚಾಗಿ ಕಾಣುತ್ತದೆ. ದಾರದ ತೂಕವು ಗುಂಡಿನ ತೂಕದ ಎಷ್ಟನೆಯ ಪಾಲೋ, ಅದರ ಆರನೆಯ ಒಂದು ಪಾಲು ಗುರುತ್ವದಲ್ಲಿ ಹೆಚ್ಚುತ್ತದೆ. ಹೊಲಿಗೆಯ ದಾರ ಮೀಟರಿಗೆ 0.05 ಗ್ರಾಂ ಇದ್ದರೆ ಹೆಚ್ಚಳ 0.1, ಅದರ ಬದಲು 0.3 ಗ್ರಾಮಿನ ಹುರಿಯನ್ನು ಕಟ್ಟಿದರೆ 0.7. ಅಗ್ಗದ ಹುರಿಯನ್ನೂ ಕೊಂಚ ದೊಡ್ಡ ಕೋನವನ್ನೂ ಬಳಸಿದವನಿಗೆ ಎರಡು ತಪ್ಪುಗಳು ಒಂದನ್ನೊಂದು ತಿಂದುಹಾಕಿ ಸರಿಯುತ್ತರವೇ ಬರಬಹುದು! ಉತ್ತರ ಸರಿಯಾಗಿರುವುದರಿಂದಲೇ ಪ್ರಯೋಗ ಸರಿಯಾಗಿದೆಯೆಂದು ಹೇಳಲಾಗದು. ದಾರ ಹಿಗ್ಗುವುದರ ಚಿಂತೆಗಂತೂ ಸುಲಭ ಪರಿಹಾರವಿದೆ: ಗುಂಡನ್ನು ತೂಗುಬಿಟ್ಟ ಮೇಲೆಯೇ ಉದ್ದವನ್ನು ಅಳೆಯಬೇಕು.

ಈಗ ಗಾಳಿ. ದಾಖಲೆ ಪುಸ್ತಕಗಳಲ್ಲಿ ಎಲ್ಲರೂ ದೂಷಿಸುವುದು ಇದನ್ನೇ. ಗಾಳಿಯ ತಡೆಯಿಂದ ಓಲಾಟ ಕ್ರಮೇಣ ಕುಗ್ಗುವುದು ಕಣ್ಣಿಗೆ ಕಾಣುತ್ತದೆ. ಹಾಗಾದರೆ ಅವಧಿಯೂ ಕೆಟ್ಟಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಲೆಕ್ಕ ಬೇರೆಯೇ ಹೇಳುತ್ತದೆ. 100 ಆಂದೋಲನಗಳಲ್ಲಿ ಓಲಾಟ ಅರ್ಧಕ್ಕೆ ಇಳಿಯಿತೆಂದು ಇಟ್ಟುಕೊಳ್ಳೋಣ. ಆ ತಡೆಯಿಂದ ಅವಧಿಯಲ್ಲಿ ಆಗುವ ಹೆಚ್ಚಳ ಹತ್ತು ಲಕ್ಷದಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ. ಗುಂಡಿಗೆ ನಡುವಿನ ಕಡೆ ಬರುವಾಗಲೂ ತಡೆ, ದೂರ ಹೋಗುವಾಗಲೂ ತಡೆ. ಒಂದರಲ್ಲಿ ತಡವಾದದ್ದು ಇನ್ನೊಂದರಲ್ಲಿ ಬೇಗ ನಿಂತು ಹಿಂದಿರುಗುವುದರಿಂದ ಹೆಚ್ಚುಕಡಮೆ ತುಂಬಿಬರುತ್ತದೆ. ಎಲ್ಲರೂ ಆಣೆಯಿಟ್ಟು ದೂರುವ ದೋಷವೇ ಎಲ್ಲಕ್ಕಿಂತ ಅಗ್ಗದ ದೋಷ.

ಗಾಳಿ ಮಾಡುವ ನಿಜವಾದ ಕೆಲಸ ಬೇರೆ, ಅದು ಕಣ್ಣಿಗೆ ಕಾಣುವುದಿಲ್ಲ. ಮೊದಲನೆಯದು ಆರ್ಕಿಮಿಡೀಸನ ತತ್ತ್ವ: ಗುಂಡು ತಾನು ಪಲ್ಲಟಗೊಳಿಸಿದ ಗಾಳಿಯ ತೂಕದಷ್ಟು ಹಗುರವಾಗುತ್ತದೆ, ಆದರೆ ಅದರ ದ್ರವ್ಯರಾಶಿ ಕಡಿಮೆಯಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಲೋಲಕದಿಂದ ಗುರುತ್ವವನ್ನು ಅಳೆಯುತ್ತಿದ್ದವರು ಇಷ್ಟನ್ನು ಮಾತ್ರ ತಿದ್ದಿ ತೃಪ್ತರಾಗಿದ್ದರು. 1828ರಲ್ಲಿ ಜರ್ಮನಿಯ ಖಗೋಳವಿಜ್ಞಾನಿ ಬೆಸ್ಸೆಲನು ಒಂದೇ ಗಾತ್ರದ ಹಿತ್ತಾಳೆಯ ಗುಂಡನ್ನೂ ದಂತದ ಗುಂಡನ್ನೂ ಓಲಿಸಿ ಹೋಲಿಸಿ ನೋಡಿ, ಈ ತಿದ್ದುಪಡಿ ಸಾಲದೆಂದು ತೋರಿಸಿದನು. ಓಲುವ ಗುಂಡು ಮುಂದಿನ ಗಾಳಿಯನ್ನು ಸರಿಸಬೇಕು. ಹಿಂದೆ ಬಿಟ್ಟ ಜಾಗಕ್ಕೆ ಗಾಳಿ ನುಗ್ಗಬೇಕು. ಹೀಗೆ ಗುಂಡು ತನ್ನೊಂದಿಗೆ ಸ್ವಲ್ಪ ಗಾಳಿಯನ್ನೂ ಎಳೆದಾಡುತ್ತಿರುತ್ತದೆ, ಆ ಗಾಳಿಯ ಜಡತ್ವವನ್ನೂ ಹೊರುತ್ತದೆ. ಫ್ರಾನ್ಸಿನ ದ್ಯುಬ್ವಾ ಎಂಬ ಎಂಜಿನಿಯರನು ಇದನ್ನು 1786ರಷ್ಟು ಹಿಂದೆಯೇ ನೀರಿನಲ್ಲಿ ಕಂಡಿದ್ದನಾದರೂ ಅದು ಮರೆತುಹೋಗಿತ್ತು. ಜಿಗುಟಿಲ್ಲದ ದ್ರವದಲ್ಲಿ ಗೋಳವೊಂದು ಹೊರುವ ಇಂಥ ಹೊರೆ ಅದು ಪಲ್ಲಟಗೊಳಿಸಿದ ದ್ರವದ ಅರ್ಧದಷ್ಟು. ಜಿಗುಟನ್ನೂ ಸೇರಿಸಿದರೆ ಇನ್ನೂ ತುಸು ಹೆಚ್ಚೆಂದು ಇಂಗ್ಲೆಂಡಿನ ಸ್ಟೋಕ್ಸನು 1850ರ ಸುಮಾರಿಗೆ ಲೆಕ್ಕ ಹಾಕಿ ತೋರಿಸಿದನು.

ನಮ್ಮ ಹಿತ್ತಾಳೆಯ ಗುಂಡಿಗೆ ಇವೆರಡೂ ಸೇರಿ ಆಗುವ ನಷ್ಟ 0.2. ಅದೇ ಜಾಗದಲ್ಲಿ ಟೇಬಲ್ ಟೆನ್ನಿಸಿನ ಚೆಂಡನ್ನು ತೂಗುಬಿಟ್ಟು ನೋಡಿರಿ. ಅದರ ವ್ಯಾಸ 4 ಸೆಂಟಿಮೀಟರು, ತೂಕ 2.7 ಗ್ರಾಂ, ಅದು ಪಲ್ಲಟಗೊಳಿಸುವ ಗಾಳಿಯೇ 0.04 ಗ್ರಾಂ. ಲೆಕ್ಕ ಹಾಕಿದರೆ ಗುರುತ್ವದ ಬೆಲೆ ನೂರಕ್ಕೆ ಎರಡಕ್ಕಿಂತ ಹೆಚ್ಚು, ಅಂದರೆ 20ಕ್ಕೂ ಮಿಕ್ಕಿ ಇಳಿಯುತ್ತದೆ. ಗುಂಡಿನ ತೂಕಕ್ಕೂ ಅವಧಿಗೂ ಸಂಬಂಧವಿಲ್ಲವೆಂದು ಪಾಠ ಒಪ್ಪಿಸುವವರು ಈ ಪ್ರಯೋಗವನ್ನು ಒಮ್ಮೆಯಾದರೂ ಮಾಡಬೇಕು.

ಗಾಳಿಯ ಈ ಕಾಟವನ್ನು ತಪ್ಪಿಸಲು, ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯವರು 1865ರಿಂದ ಗಾಳಿ ತೆಗೆದ ಪಾತ್ರೆಯೊಳಗೆ ಲೋಲಕಗಳನ್ನು ಓಲಿಸಿ ದೇಶದುದ್ದಕ್ಕೂ ಗುರುತ್ವವನ್ನು ಅಳೆದರು. ಆ ಭಾರವಾದ ಪಾತ್ರೆಯನ್ನೂ ಪಂಪನ್ನೂ ಹೊರಿಸಿಕೊಂಡು ದಕ್ಷಿಣದ ಭೂಶಿರದಿಂದ ಹಿಮಾಲಯದವರೆಗೆ ಕೆಲಸ ಮಾಡಿದವನು ಕ್ಯಾಪ್ಟನ್ ಬಸೇವಿ. 1871ರಲ್ಲಿ ಲಡಾಖಿನ ಮೋರೆ ಬಯಲಿನಲ್ಲಿ, 15,000 ಅಡಿಗೂ ಮೇಲೆ, ಚಳಿಗೆ ಒಡ್ಡಿಕೊಂಡು ಓಲಾಟಗಳನ್ನು ಎಣಿಸುತ್ತಿದ್ದಾಗಲೇ ಅವನು ಕಾಯಿಲೆ ಬಿದ್ದು ತೀರಿಕೊಂಡನು. ಹಿಮಾಲಯದಂಥ ಪರ್ವತರಾಶಿಯ ಮೇಲೆ ಗುರುತ್ವ ನಿರೀಕ್ಷಿಸಿದುದಕ್ಕಿಂತ ಕಡಿಮೆಯಿದೆ, ಪರ್ವತದ ಅಡಿಯಲ್ಲಿ ಹಗುರವಾದ ದ್ರವ್ಯವಿರಬೇಕು ಎಂಬ ತೀರ್ಮಾನಕ್ಕೆ ಅವನ ಅಂಕಿಗಳು ಬಲ ಕೊಟ್ಟವು.

ಆಧಾರ ಅಲುಗಾಡದು ಎಂಬ ಗೃಹೀತವನ್ನು ಬಹುಕಾಲ ಯಾರೂ ಪರೀಕ್ಷಿಸಹೋಗಲಿಲ್ಲ. 1870ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಪರ್ಸ್ ಎಂಬಾತ, ಯೂರೋಪಿನ ಅತ್ಯುತ್ತಮ ಉಪಕರಣಗಳಲ್ಲಿಯೂ ಲೋಲಕದೊಂದಿಗೆ ಸ್ಟ್ಯಾಂಡೂ ಗೋಚರಿಸದಷ್ಟು ಓಲುತ್ತಿದೆಯೆಂದು ತೋರಿಸಿದಾಗ ಹಲವು ದೇಶಗಳ ಅಂಕಿಗಳನ್ನು ಮತ್ತೆ ನೋಡಬೇಕಾಯಿತು. ಕಾಲೇಜಿನ ಸ್ಟ್ಯಾಂಡನ್ನು ಪರೀಕ್ಷಿಸುವ ಬಗೆ ಬಹು ಸುಲಭ. ಗುಂಡಿನ ತೂಕದಷ್ಟೇ ಬಲದಿಂದ, ನಮ್ಮ ಗುಂಡಿಗಾದರೆ ರಾಟೆಯ ಮೇಲೆ ಹಾಯಿಸಿದ ದಾರಕ್ಕೆ 70 ಗ್ರಾಂ ಕಟ್ಟಿ, ತೂಗುಬಿಂದುವನ್ನು ಪಕ್ಕಕ್ಕೆ ಎಳೆಯಬೇಕು. ಅದು ಎಷ್ಟು ಸರಿಯುವುದೋ ಅಷ್ಟು ಉದ್ದ ಲೋಲಕಕ್ಕೆ ಕೂಡಿದಂತೆ. ಒಂದು ಮಿಲಿಮೀಟರು ಸರಿದರೆ ಒಂದು ಮೀಟರಿನ ಲೋಲಕದಲ್ಲಿ ಗುರುತ್ವ 1ರಷ್ಟು ಇಳಿಯಿತು. ತಿರುಪು ಸಡಿಲವಾದ ಸ್ಟ್ಯಾಂಡುಗಳಲ್ಲಿ ಇದೇನೂ ಅಪರೂಪವಲ್ಲ.

ಇವೆಲ್ಲವನ್ನೂ ಕೂಡಿಸೋಣ. ಗಟ್ಟಿಯಾದ ಸ್ಟ್ಯಾಂಡು, ಒಂದು ಮೀಟರಿನ ಹೊಲಿಗೆ ದಾರ, ಹಿತ್ತಾಳೆಯ ಗುಂಡು, 5 ಡಿಗ್ರಿಯ ಓಲಾಟ: ಕೋನದಿಂದ 0.9, ಗುಂಡಿನ ಗಾತ್ರದಿಂದ 0.06, ಗಾಳಿಯಿಂದ 0.2 ಕಡಿಮೆ, ದಾರದಿಂದ 0.1 ಹೆಚ್ಚು. ಒಟ್ಟು ನಷ್ಟ ಸುಮಾರು 1. ಎಂದರೆ ಸರಳ ಲೋಲಕದ ಗೃಹೀತಗಳೆಲ್ಲವೂ ಸುಳ್ಳಾಗಿದ್ದರೂ, ಅವೆಲ್ಲ ಸೇರಿ ಸಾವಿರಕ್ಕೆ ಒಂದು ಪಾಲಿನಷ್ಟು ಮಾತ್ರ ನಮ್ಮನ್ನು ಮೋಸಗೊಳಿಸುತ್ತವೆ. ಹಾಗಾದರೆ 972 ಎಲ್ಲಿಂದ ಬಂದಿತು? ಗಡಿಯಾರವನ್ನು ಒತ್ತುವ ಬೆರಳಿನಿಂದ. 20 ಆಂದೋಲನಗಳಿಗೆ ಹಿಡಿಯುವ ಕಾಲ 40 ಸೆಕೆಂಡು, ಅದರಲ್ಲಿ 0.2 ಸೆಕೆಂಡು ಆಚೀಚೆಯಾದರೆ ಗುರುತ್ವ 10ರಷ್ಟು ಆಚೀಚೆಯಾಗುತ್ತದೆ. 50 ಆಂದೋಲನಗಳನ್ನು ಎಣಿಸಿದರೆ 4ರಷ್ಟು. ಗುಂಡು ತುದಿಯಲ್ಲಿ ತಡೆದು ನಿಂತಾಗ ಒತ್ತುವುದಕ್ಕಿಂತ, ಅತ್ಯಂತ ವೇಗವಾಗಿ ನಡುವನ್ನು ದಾಟುವಾಗ ಒತ್ತಿದರೆ ತಪ್ಪು ಕಡಿಮೆ. ಉತ್ತರ 1080ರ ಸುಮಾರಿಗೆ ಬಂದರೆ ಬೇರೇನನ್ನೂ ಹುಡುಕಬೇಕಾಗಿಲ್ಲ: ಗಡಿಯಾರ ಹೊರಟ ಕ್ಷಣಕ್ಕೆ 'ಸೊನ್ನೆ' ಎನ್ನುವ ಬದಲು 'ಒಂದು' ಎಂದು, 19 ಆಂದೋಲನಗಳನ್ನು 20 ಎಂದು ಎಣಿಸಿರುತ್ತಾರೆ.

ಇಷ್ಟಾದರೂ ಒಂದು ಗೃಹೀತ ಉಳಿದಿದೆ, ಅದು ಲೋಲಕದ್ದಲ್ಲ. ಸರಿಯುತ್ತರ 980 ಅಥವಾ 981 ಎಂಬುದು. 1672ರಲ್ಲಿ ರಿಷೆ ಎಂಬ ಫ್ರೆಂಚ್ ಖಗೋಳವಿಜ್ಞಾನಿ ಪ್ಯಾರಿಸಿನಲ್ಲಿ ಸರಿಪಡಿಸಿದ ಗಡಿಯಾರವನ್ನು ಭೂಮಧ್ಯರೇಖೆಯ ಹತ್ತಿರದ ಕಾಯೆನ್ನಿಗೆ ಒಯ್ದಾಗ, ಅದು ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಲೋಲಕವನ್ನು ಸುಮಾರು 2.8 ಮಿಲಿಮೀಟರು ಗಿಡ್ಡ ಮಾಡಬೇಕಾಯಿತು. ಗುರುತ್ವ ಊರಿಂದೂರಿಗೆ ಬೇರೆಯೆಂಬುದು ಅಂದಿನಿಂದ ಗೊತ್ತಿರುವ ಮಾತು. ಲಂಡನ್ನಿನಲ್ಲಿ ಅದು 981.2. 1901ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡ 980.665 ಎಂಬ ಪ್ರಮಾಣಬೆಲೆ ಸುಮಾರು 45 ಡಿಗ್ರಿ ಅಕ್ಷಾಂಶಕ್ಕೆ ಸಲ್ಲುವುದು. ಬೆಂಗಳೂರು ಇರುವ 13 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಲ್ಲಿಯೇ ಲೆಕ್ಕಕ್ಕೆ ಸಿಕ್ಕುವುದು 978.3, ಊರು 900 ಮೀಟರಿಗೂ ಮೇಲಿರುವುದರಿಂದ ಇನ್ನೂ ಇಳಿದು, ಅಲ್ಲಿಯ ಗುರುತ್ವ ಸುಮಾರು 978. ಬೆಂಗಳೂರಿನ ವಿದ್ಯಾರ್ಥಿ 977 ತಂದು ಸಪ್ಪೆ ಮೋರೆ ಹಾಕಿಕೊಂಡರೆ, ಅವನ ಪಕ್ಕದವನು ಅಂಕಿ ತಿದ್ದಿ 981 ಮಾಡಿ ಹಿಗ್ಗಿದರೆ, ತಿದ್ದಿದವನು ತಿದ್ದಿರುವುದು ಲಂಡನ್ನಿನ ಗುರುತ್ವಕ್ಕೆ.

ಬಲ್ಲವರೂ ಇದರಲ್ಲಿ ಎಡವಿದ್ದುಂಟು. ಜರ್ಮನಿಯ ಪಾಟ್ಸ್‌ಡಾಮಿನಲ್ಲಿ ಕ್ಯೂನೆನ್ ಮತ್ತು ಫುರ್ಟ್‌ವೆಂಗ್ಲರ್ ಎಂಬ ಇಬ್ಬರು ಹಲವು ವರ್ಷಗಳ ಕಾಲ ಲೋಲಕಗಳನ್ನು ಓಲಿಸಿ, ತಿಳಿದಿದ್ದ ತಿದ್ದುಪಡಿಗಳನ್ನೆಲ್ಲ ಮಾಡಿ, 1906ರಲ್ಲಿ ಪ್ರಕಟಿಸಿದ ಬೆಲೆ 981.274. ಜಗತ್ತಿನ ಗುರುತ್ವಮಾಪನಗಳನ್ನೆಲ್ಲ ಅದಕ್ಕೆ ಹೋಲಿಸಿಯೇ ಹೇಳುತ್ತಿದ್ದರು. ಮುಂದೆ ಬೇರೆ ದೇಶಗಳಲ್ಲಿ ಮಾಡಿದ ಅಳತೆಗಳು ಅದರೊಂದಿಗೆ ಕೂಡಿಬರಲಿಲ್ಲ. ಪಾಟ್ಸ್‌ಡಾಮಿನ ಬೆಲೆ 0.014ರಷ್ಟು ಹೆಚ್ಚಾಗಿತ್ತೆಂದು ಕೊನೆಗೆ ಒಪ್ಪಬೇಕಾಯಿತು. 1971ರಲ್ಲಿ ಹೊಸ ಅಂತರರಾಷ್ಟ್ರೀಯ ಗುರುತ್ವಜಾಲವು ಅದರ ಸ್ಥಾನಕ್ಕೆ ಬಂದಿತು. ಈಗ ಅತ್ಯಂತ ನಿಖರವಾದ ಅಳತೆಗೆ ಲೋಲಕವನ್ನು ಬಳಸುವುದಿಲ್ಲ. ಗಾಳಿ ತೆಗೆದ ಕೊಳವೆಯೊಳಗೆ ಚಿಕ್ಕ ಪ್ರತಿಫಲಕವೊಂದನ್ನು ಕೆಳಕ್ಕೆ ಬೀಳಬಿಟ್ಟು, ಅದು ಬಿದ್ದ ದೂರವನ್ನು ಲೇಸರ್ ಬೆಳಕಿನಿಂದ ಅಳೆಯುತ್ತಾರೆ. ಅದರಲ್ಲಿ ದಾರವಿಲ್ಲ, ಓಲುವ ಕೋನವಿಲ್ಲ. ಆದರೆ ಕೊಳವೆಯಲ್ಲಿ ಉಳಿದುಹೋದ ಗಾಳಿಯೂ, ಬಿದ್ದ ಪೆಟ್ಟಿಗೆ ನಡುಗುವ ನೆಲವೂ ಇದ್ದೇ ಇವೆ.